ಅಜ್ಜಿಯ ತಾರಸಿಯ ಮೇಲೆ ಲಾಂಚು

ದೋಣಿಕಟ್ಟೆಯ ಟಿಕೆಟ್ ಕೋಣೆಯಿಂದ,
ಮೇ ೨೨, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ, ನನ್ನ ಗಡಿಬಿಡಿ ರಾಯಾ,

ಹೇಗಿದ್ದೀಯೋ? ಕ್ರೇನಿನ ಆ ಹಾಳು ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಕೆಳಗೊಂದು ದಪ್ಪ ದಿಂಬು ಹಾಕಿಕೊ. ನಾಚಿಕೆ ಪಡಬೇಡ, ಅಷ್ಟು ಎತ್ತರಕ್ಕೆ ಹತ್ತಿ ಯಾರು ನೋಡುತ್ತಾರೆ? ನಿನ್ನ ಹೆಂಡತಿಯ ಕೆಮ್ಮು ಬಿಟ್ಟಿತೇ? ಪುಟ್ಟಿಗೆ ಮುಂದಿನ ಹಲ್ಲು ಬಿದ್ದು ಮಾತೆಲ್ಲ ಗಾಳಿಯಾಗಿ ಹೋಗುತ್ತಿದೆ ಎಂದು ಓದಿ ನಾನೂ ಭಾವನೂ ತುಂಬ ನಕ್ಕೆವು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ, ಭಾವನಿಗೆ ಎಂದಿನಂತೆ ವಿದ್ಯುದಾಗಾರದ ಪಾಳಿ, ಎಂದಿನಂತೆ ಕಿವಿಯಲ್ಲಿ ಆ ಯಂತ್ರಗಳ ಗುಂಯ್. ನಾನು ಒಂದು ಕೇಳಿದರೆ ಇನ್ನೊಂದು ಹೇಳುತ್ತಾರೆ, ಕೇಳಿಸಿಕೊಳ್ಳದಿದ್ದರೂ ನಡೆಯುತ್ತದೆ ಎಂಬ ಅನುಕೂಲ ಅವರಿಗೆ. ಅಪ್ಪನೂ ಚೆನ್ನಾಗಿದ್ದಾರೆ ಎಂದು ಪ್ರತಿ ಸಲ ಒಂದು ಸಾಲು ಬರೆಯುತ್ತಿದ್ದೆ, ನೀನು ಕೇಳದಿದ್ದರೂ. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಗಾಬರಿಯಾಗಬೇಡ, ಜ್ವರವಿಲ್ಲ, ಎಲ್ಲೂ ಬಿದ್ದಿಲ್ಲ, ಊಟಕ್ಕೆ ಕರೆದರೆ ಬಂದು ಕೂರುತ್ತಾರೆ. ಕೂತು ಎದ್ದು ಹೋಗುತ್ತಾರೆ, ಅಷ್ಟೇ.

ನಾನೂ ಹಾಗೇ ಆಗಿದ್ದೇನೆ. ಈ ಪತ್ರವನ್ನು ಮಂಗಳವಾರದಿಂದ ಶುರು ಮಾಡುತ್ತಲೇ ಇದ್ದೇನೆ. ಎರಡು ಸಾಲು ಬರೆಯುವುದು, ಎದ್ದು ಬಾಗಿಲಿಗೆ ಹೋಗುವುದು, ನೀರು ಎಲ್ಲಿಗೆ ಬಂತು ಎಂದು ನೋಡುವುದು, ಮತ್ತೆ ಬಂದು ಕೂರುವುದು. ಲಾಂಚು ಓಡುತ್ತಿಲ್ಲ, ಟಿಕೆಟ್ ಕೊಡುವುದಿಲ್ಲ, ಆದರೂ ಬೆಳಿಗ್ಗೆ ಬಂದು ಕೋಣೆಯ ಕಿಟಕಿ ತೆಗೆದು ಕೂರದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಎದುರಿಗೆ ಕಾಣುತ್ತಿರುವುದನ್ನು ನಿನಗೆ ಹೇಗೆ ಹೇಳಲಿ ಎಂದೇ ತಿಳಿಯುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ. ನಿನ್ನ ಹಿಂದಿನ ಪತ್ರದಲ್ಲಿ ಪುಟ್ಟಿ ಕೇಳಿದ್ದಳಲ್ಲ, ಅತ್ತೆಯ ಊರಿನಲ್ಲಿರುವ ಅಷ್ಟು ದೊಡ್ಡ ನೀರು ಹೇಗೆ ಬಂತು ಎಂದು. ನಿನಗೆ ಅರ್ಧ ಗೊತ್ತಿರುವುದೇ. ಆದರೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ಓದು. ಗೊತ್ತಿಲ್ಲದ ಇನ್ನರ್ಧ ನಿನಗೆ.

ಪುಟ್ಟೀ, ಮೊದಲು ಇಲ್ಲಿ ಕೆರೆಯೂ ಇರಲಿಲ್ಲ, ಸರೋವರವೂ ಇರಲಿಲ್ಲ. ಒಂದು ಹೊಳೆ, ಅದರ ಪಕ್ಕದಲ್ಲಿ ಒಂದು ಊರು. ಪೇಟೆ ಬೀದಿ ಎಂದು ಉದ್ದನೆಯ ಬೀದಿ, ಬೀದಿಗೆ ಮುಖ ಮಾಡಿ ಮನೆಗಳ ಸಾಲು, ಆ ಸಾಲಿನ ಬೆನ್ನಿಗೆ ದೊಡ್ಡ ಸಂತೆ ಮೈದಾನ. ನಿನ್ನ ತಾತ, ಅಂದರೆ ನಮ್ಮಪ್ಪ, ಆ ಊರಿನ ಅಂಚೆಯವರು. ಒಂದು ದಿನ ಕರೆಂಟು ಕಂಪನಿಯವರು ಬಣ್ಣದ ಪಟ್ಟೆಯ ಕೋಲು ಹಿಡಿದುಕೊಂಡು ಬಂದರು, ಗುಡ್ಡದ ಮೇಲೆ ಬಿಳಿ ಗೆರೆ ಎಳೆದರು, ನೀರು ಇಲ್ಲಿಯವರೆಗೆ ನಿಲ್ಲುತ್ತದೆ ಎಂದರು. ಊರಿನವರು ಬಿದ್ದು ಬಿದ್ದು ನಕ್ಕರಂತೆ. ಅಷ್ಟು ಮೇಲಕ್ಕೆ ಹತ್ತಲು ಹೊಳೆಗೇನು ಕಾಲಿದೆಯೇ ಎಂದು. ಆಮೇಲೆ ಕಣಿವೆಯ ಬಾಯಿಗೆ ಗೋಡೆ ಏಳುತ್ತಾ ಹೋಯಿತು, ನಗು ಇಳಿಯುತ್ತಾ ಹೋಯಿತು. ಊರು ಬಿಡಬೇಕೆಂಬ ನೋಟೀಸುಗಳು ಬಂದಾಗ ಅವನ್ನು ಮನೆಮನೆಗೆ ಹಂಚಿದವರು ಬೇರೆ ಯಾರೂ ಅಲ್ಲ, ನಮ್ಮಪ್ಪನೇ. ಅದು ಅವರ ಕೆಲಸ. ಒಬ್ಬೊಬ್ಬರೂ ಬಾಗಿಲಲ್ಲೇ ನಿಲ್ಲಿಸಿ ಓದಿ ಹೇಳು ಎನ್ನುತ್ತಿದ್ದರಂತೆ, ಓದಿ ಹೇಳಿದ ಮೇಲೆ ನೋಟೀಸು ಕೊಟ್ಟವನಿಗೇ ಬೈಯುತ್ತಿದ್ದರಂತೆ. ಕೊನೆಯ ನೋಟೀಸನ್ನು ಸ್ವಂತ ತಾಯಿಗೇ ಕೊಟ್ಟರು. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಇದರಲ್ಲಿ ಎಷ್ಟೊಂದು ಕಾಗುಣಿತ ತಪ್ಪಿದೆ ಎಂದಳಂತೆ.

ಅಜ್ಜಿಯ ಮನೆ ಪೇಟೆ ಬೀದಿಯಲ್ಲಿ ತಾರಸಿ ಇದ್ದ ಒಂದೇ ಒಂದು ಮನೆ. ಕಮ್ಮಾರನಾಗಿದ್ದ ನಮ್ಮ ಅಜ್ಜ ಆ ತಾರಸಿಯ ಸುತ್ತ ಕಬ್ಬಿಣದ ಕಟಕಟೆ ಮಾಡಿ ಹಾಕಿದ್ದ. ಪ್ರತಿ ಸರಳಿನ ತುದಿಯನ್ನೂ ಸೊಂಡಿಲಿನ ಹಾಗೆ ಸುರುಳಿ ಸುತ್ತಿದ್ದ, ಒಂದೇ ಒಂದನ್ನು ಬಿಟ್ಟು. ಅದನ್ನು ಸುತ್ತುವ ಹೊತ್ತಿಗೆ ನಮ್ಮಪ್ಪ ಹುಟ್ಟಿದರು, ಅಜ್ಜ ಇಕ್ಕಳ ಬಿಸಾಕಿ ಓಡಿಬಂದ, ಆ ಸರಳು ನೆಟ್ಟಗೇ ಉಳಿಯಿತು ಎಂದು ಅಜ್ಜಿ ಹೇಳುತ್ತಿದ್ದಳಂತೆ. ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಾಗಲೆಲ್ಲ ಬಾಡಿಗೆಯವರ ಕಾಲಿನ ಸದ್ದಿಗೆ ಅವಳ ತಲೆ ಚಿಟ್ಟು ಹಿಡಿಯುತ್ತಿತ್ತು. ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟಿ ಕುಟ್ಟಿ ಎಷ್ಟು ಜನರನ್ನು ಓಡಿಸಿದಳೋ. ಊರು ಖಾಲಿಯಾಗುವ ಕೊನೆಯ ವಾರ ಕಂಪನಿಯ ಮೇಸ್ತ್ರಿ ಅವಳಿಗೆ ಸಮಾಧಾನ ಹೇಳಲು ಹೋಗಿ, ಮುಂದೆ ಇಲ್ಲೆಲ್ಲ ದೋಣಿ ಓಡಾಡುತ್ತವೆ ತಾಯಿ, ನೋಡಲು ಚೆಂದವಾಗಿರುತ್ತದೆ ಎಂದು ಬಾಯಿ ಬಿಟ್ಟ. ಅಜ್ಜಿ ಮಗನ ಕಡೆ ತಿರುಗಿ, "ನನ್ನ ತಲೆ ಮೇಲೆ ಯಾರೂ ಓಡಾಡಕೂಡದು. ನೀನೇ ನೋಡ್ಕೋಬೇಕು" ಎಂದಳು. ಅಪ್ಪ ಹೂಂ ಎಂದರು. ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ಗುಡ್ಡದ ಮೇಲಿನ ಹೊಸ ಕಾಲೊನಿಗೆ ತಂದರು. ಆ ವರ್ಷವೇ ಅವಳು ತೀರಿಕೊಂಡಳು.

ನೀರು ಬಂದದ್ದು ಪ್ರವಾಹದ ಹಾಗೆ ಅಲ್ಲ ಪುಟ್ಟೀ. ಸದ್ದೇ ಇರಲಿಲ್ಲವಂತೆ. ಮೊದಲು ಚರಂಡಿಗಳು ಹಿಮ್ಮುಖವಾಗಿ ಹರಿದವು, ಆಮೇಲೆ ಬೀದಿ ಒದ್ದೆಯಾಯಿತು, ಆಮೇಲೆ ಹೊಸಿಲು. ಬಾಗಿಲು ಕಿಟಕಿ ಮಾಡುಗಳನ್ನೆಲ್ಲ ಆಗಲೇ ಕಿತ್ತು ಒಯ್ದಿದ್ದರಿಂದ ನೀರು ಯಾರನ್ನೂ ಕೇಳುವ ಹಾಗಿರಲಿಲ್ಲ, ಸೀದಾ ಒಳಗೆ ಹೋಯಿತು. ಊರಿನವರು ಪ್ರತಿ ಸಂಜೆ ಗುಡ್ಡದ ಮೇಲೆ ಕೂತು ನೋಡುತ್ತಿದ್ದರು. ಇವತ್ತು ಬೇಕರಿ ಹೋಯಿತು, ಇವತ್ತು ಅಂಚೆ ಕಚೇರಿ ಹೋಯಿತು ಎನ್ನುತ್ತಿದ್ದರು. ಮಾತಾಡಲು ಬೇರೆ ವಿಷಯವೇ ಇರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಮೊದಲ ಕೆಲವು ವರ್ಷ ನೀರು ನಾತ ಹೊಡೆಯುತ್ತಿತ್ತು, ಕೊಳೆತ ಮರಗಳ ತಲೆಗಳು ಮೇಲೆದ್ದು ನಿಂತಿದ್ದವು. ಆಮೇಲೆ ಮೀನು ಬಂದವು, ಮೀನು ಹಿಡಿಯುವವರು ಬಂದರು, ಪಟ್ಟಣದಿಂದ ರೇಡಿಯೋ ಹೊತ್ತುಕೊಂಡು ಮೋಜಿಗೆ ಬರುವವರು ಬಂದರು. ನಮ್ಮ ನೀರಿನಿಂದ ಮಾಡಿದ ಕರೆಂಟು ಎಲ್ಲೆಲ್ಲಿಗೋ ಹೋಗಿ, ಎಲ್ಲ ಕಡೆ ಬೆಳಗಿ, ಮಿಕ್ಕಿದ್ದು ನಮ್ಮ ಕಾಲೊನಿಗೆ ಬರುವಷ್ಟರಲ್ಲಿ ನಾನು ಹುಟ್ಟಿ ನಡೆಯಲು ಕಲಿತಿದ್ದೆ. ಕಂಪನಿಯವರು ಈಗ ಕಟ್ಟೆಯ ಹತ್ತಿರ ಒಂದು ಫಲಕ ಹಾಕಿದ್ದಾರೆ, ಅಣೆಕಟ್ಟೆಯ ಎತ್ತರ, ಯಂತ್ರಗಳ ಶಕ್ತಿ, ಉದ್ಘಾಟನೆ ಮಾಡಿದವರ ಹೆಸರು, ಪ್ರಕೃತಿಯ ಮಡಿಲಿನ ಸುಂದರ ಸರೋವರ ಎಂದು ದಪ್ಪ ಅಕ್ಷರದಲ್ಲಿ. ಕೆಳಗೆ ಊರಿತ್ತು ಎಂಬ ಒಂದು ಮಾತಿಲ್ಲ. ಅದನ್ನು ಓದಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ, ಆದರೂ ದಿನಾ ಓದುತ್ತೇನೆ.

ಊರೇ ಇಲ್ಲದ ಮೇಲೆ ಅಂಚೆಯವನಿಗೇನು ಕೆಲಸ? ಅಪ್ಪ ಲಾಂಚು ನಡೆಸಲು ಕಲಿತರು. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಲಾಂಚು. ಇನ್ನು ಮುಂದಿನದು ನಿನಗೆ ಚೆನ್ನಾಗಿ ಗೊತ್ತು, ಗಡಿಬಿಡಿ, ಆದರೆ ಪುಟ್ಟಿಗೆ ಗೊತ್ತಿರಲಿ. ಅಪ್ಪ ಒಂದು ದಿನವೂ ನೇರವಾಗಿ ದಾಟಿದವರಲ್ಲ. ಮುಳುಗಿದ ಊರಿನ ಬೀದಿಗಳ ಮೇಲೇ ಲಾಂಚು ಓಡಿಸುತ್ತಿದ್ದರು. ಯಾರ ಮನೆಯ ಮೇಲೂ ಹೋಗುತ್ತಿರಲಿಲ್ಲ. ನೀರು ಬರುವ ಮುಂಚೆ ಪೇಟೆ ಬೀದಿಯ ನಟ್ಟನಡುವೆ ನಿಂತು ಗುಡ್ಡ ನೋಡಿ ಗುರುತು ಮಾಡಿಕೊಂಡಿದ್ದರು. ಗುಡ್ಡದ ನೆತ್ತಿಯಲ್ಲಿ ಕಂಪನಿಯವರು ಆಗಲೇ ನಿಲ್ಲಿಸಿದ್ದ ಕರೆಂಟಿನ ಟವರ್, ಅದರ ಕೆಳಗೆ ಇಳಿಜಾರಿನಲ್ಲಿ ಬಿಳಿ ಬಂಡೆ. ಇವೆರಡೂ ಒಂದರ ಹಿಂದೆ ಒಂದು ಬಂದು ನಿಂತರೆ ಕೆಳಗೆ ಪೇಟೆ ಬೀದಿ ಎಂದು ಲೆಕ್ಕ. ಅಷ್ಟು ದೂರ ಹೋಗಿ, ಆ ಗೆರೆ ಹಿಡಿದು, ಬೀದಿಯ ಕೊನೆಯವರೆಗೂ ಸಾಗಿ, ಶಾಲೆಯ ತಿರುವಿನಲ್ಲಿ ತಿರುಗಿ ಆಚೆ ದಡ ಸೇರುವುದು. ನೇರ ದಾರಿಗಿಂತ ಎರಡರಷ್ಟು ಹೊತ್ತು. ಜನ ಮೊದಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಕ್ಷೌರದವನು ಆಚೆ ದಡಕ್ಕೆ ಹೋಗುವಷ್ಟರಲ್ಲಿ ಇಬ್ಬರ ಗಡ್ಡ ಮುಗಿಸಿ ತನ್ನ ಟಿಕೆಟ್ಟಿನ ದುಡ್ಡು ಹುಟ್ಟಿಸಿಕೊಳ್ಳುತ್ತಿದ್ದ. ತಿರುವು ಬಂದಾಗ ಕತ್ತಿ ಎತ್ತಿ ಹಿಡಿದು ಕಾಯುತ್ತಿದ್ದನಲ್ಲ, ನೆನಪಿದೆಯೇ?

ಇಷ್ಟು ಸಾಕು ಪುಟ್ಟಿಗೆ. ಇನ್ನು ಅವಳನ್ನು ಆಟಕ್ಕೆ ಕಳಿಸು.

ನೀನು ಲಾಂಚಿನ ಚುಕ್ಕಾಣಿ ಹಿಡಿದ ಆ ಸಂಜೆಯ ಬಗ್ಗೆ ನಾವು ಯಾವತ್ತೂ ಬರೆದುಕೊಂಡಿಲ್ಲ. ಆಚೆ ದಡದ ಟಾಕೀಸಿನಲ್ಲಿ ಸಿನಿಮಾ ಶುರುವಾಗಿಬಿಡುತ್ತದೆ ಎಂಬ ಅವಸರಕ್ಕೆ, ಅಪ್ಪ ಹಿಂದೆ ಕೂತು ಹಗ್ಗ ಸುತ್ತುತ್ತಿದ್ದಾಗ, ಇಲ್ಲಿಂದ ಅಲ್ಲಿಗೆ ಸೀದಾ ಬಿಟ್ಟೆ. ಅಪ್ಪ ತಲೆಯೆತ್ತುವಷ್ಟರಲ್ಲಿ ಅರ್ಧ ದಾಟಿತ್ತು. ಎದ್ದು ಗುಡ್ಡ ನೋಡಿದರು, ಟವರ್ ನೋಡಿದರು. ಟಿಕೆಟ್ ಚೀಲ ಹಿಡಿದು ನಾನೂ ಅಲ್ಲೇ ಇದ್ದೆನಲ್ಲ. ನಿಮ್ಮ ಅಜ್ಜಿಯ ಮನೆಯ ಮೇಲೇ ಲಾಂಚು ಬಿಟ್ಟಿದ್ದೀಯ ಎಂದರು. ನೀನೋ, ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು, ನೀರಿನ ಕೆಳಗೆ ಯಾರ ಅಜ್ಜಿಯೂ ಇಲ್ಲ ಎಂದೆ. ಆಚೆ ದಡ ಬಂದಾಗ ಅಪ್ಪ, "ಅವಳ ತಲೆ ಮೇಲೆ ಹೋದವನಿಗೆ ನನ್ನ ಮನೇಲಿ ಜಾಗ ಇಲ್ಲ. ಇಳಿ" ಎಂದರು. ನೀನು ಇಳಿದೆ. ಸಿನಿಮಾ ಮುಗಿದ ಮೇಲೆ ಬರುತ್ತಾನೆ ಎಂದು ನಾನು ಕಾದೆ. ನೀನು ಸೀದಾ ಬಸ್ಸು ಹತ್ತಿದ್ದೆ. ಅವತ್ತಿನಿಂದ ಅಪ್ಪ ಕರೆಯದೆ ನಾನು ಬರೋದಿಲ್ಲ ಎಂದು ನೀನು, ಅವನೇ ಬಂದು ತಪ್ಪಾಯ್ತು ಅನ್ನಲಿ ಎಂದು ಅವರು. ಇಬ್ಬರೂ ಜಗಮೊಂಡರು. ಅಮ್ಮ ಅದೇ ಕೊರಗಿನಲ್ಲಿ ಹೋದಳು. ಅವಳ ಕೊನೆಗಾಲಕ್ಕೆ ನೀನು ಬಂದು, ಅಪ್ಪನ ಕಡೆ ತಿರುಗಿಯೂ ನೋಡದೆ ಹೋದೆ. ನಡುವೆ ಸಿಕ್ಕಿ ನಾನು ಇಷ್ಟು ವರ್ಷ ಅರೆದುಹೋಗಿದ್ದೇನೆ ಎಂಬುದು ನಿಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನೀನು ಹೋಗಿ ಇನ್ನೊಂದು ಅಣೆಕಟ್ಟೆ ಕಟ್ಟುವ ಕೆಲಸಕ್ಕೇ ಸೇರಿದೆ ಎಂದು ಗೊತ್ತಾದಾಗ ಅವರು ಎರಡು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಗುಡ್ಡ ಸುತ್ತಿದರು.

ಈಗ ಕೇಳು. ನೀರು ಯಂತ್ರಗಳಿಗೆ ಇಳಿಯುವ ಸುರಂಗವಿದೆಯಲ್ಲ, ಅದರ ಬಾಯಿಯ ಕಬ್ಬಿಣದ ಬಾಗಿಲು ತುಕ್ಕು ತಿಂದು ಕೂತಿತ್ತು. ರಿಪೇರಿಗೆಂದು ಕಂಪನಿಯವರು ಅಣೆಕಟ್ಟೆಯ ತಳದ ತೂಬು ತೆಗೆದು ನೀರು ಬಿಡುತ್ತಾ ಬಂದರು. ನಾನು ಹುಟ್ಟಿದಾಗಿನಿಂದ ಇಷ್ಟು ನೀರು ಇಳಿದದ್ದೇ ಇಲ್ಲ. ದಡದ ಸುತ್ತ ಕೆಸರಿನ ಪಟ್ಟಿ ದಿನದಿನಕ್ಕೂ ಅಗಲವಾಯಿತು, ಕಟ್ಟೆಯಿಂದ ಲಾಂಚಿಗೆ ಹಲಗೆಯ ಮೇಲೆ ಹಲಗೆ ಜೋಡಿಸಬೇಕಾಯಿತು. ಲಾಂಚು ನಿಲ್ಲಿಸಿ, ತಳದಲ್ಲಿ ಗೋಡೆಗಳಿವೆ, ಎಲ್ಲಾದರೂ ಹೊಡೆದೀತು ಎಂದು ಕಂಪನಿಯ ಎಂಜಿನಿಯರು ಬಂದು ಹೇಳಿದರು. ಅಪ್ಪ ಅವರನ್ನು ಕರುಣೆಯಿಂದ ನೋಡಿ, "ನಾನು ಬೀದಿ ಮೇಲೆ ಹೋಗೋನು ಸ್ವಾಮಿ. ಬೀದಿ ನಡುವೆ ಯಾರಾದ್ರೂ ಗೋಡೆ ಕಟ್ತಾರಾ?" ಎಂದರು. ಎಂಜಿನಿಯರು ತಲೆ ಕೆರೆದುಕೊಂಡು ಜೀಪು ಹತ್ತಿದರು. ನಾನೋ, ಎಷ್ಟು ಸರಿಯಾದ ಮಾತು ಎಂದು ಹೆಮ್ಮೆಪಟ್ಟೆ.

ಕಳೆದ ಶನಿವಾರ ಬೆಳಿಗ್ಗೆ ಲಾಂಚಿನಲ್ಲಿ ಜನ ಕಡಿಮೆ. ಕ್ಷೌರದವನು, ಹೊಲಿಗೆ ಯಂತ್ರವನ್ನು ರಿಪೇರಿಗೆ ಒಯ್ಯುತ್ತಿದ್ದ ಹೆಂಗಸು, ಇನ್ನು ಒಂದಿಬ್ಬರು. ಅಪ್ಪ ಎಂದಿನಂತೆ ಟವರನ್ನೂ ಬಂಡೆಯನ್ನೂ ಸೇರಿಸಿ ಬೀದಿಯ ಗೆರೆ ಹಿಡಿದರು. ಸ್ವಲ್ಪ ದೂರ ಹೋಗಿತ್ತಷ್ಟೇ. ಢಮಾರ್ ಎಂದೇನೂ ಆಗಲಿಲ್ಲ. ಕೆಳಗಿಂದ ಯಾರೋ ಕೈಯೊಡ್ಡಿ ಎತ್ತಿಕೊಂಡ ಹಾಗೆ ಮೆತ್ತಗೆ ಒಂದು ಸಲ ಏರಿ, ಕರಕರ ಎಂದು ಏನನ್ನೋ ಮುರಿದು ಉಜ್ಜಿ, ಲಾಂಚು ಕೂತುಬಿಟ್ಟಿತು. ಎಂಜಿನ್ ಹಿಂದಕ್ಕೆ ಹಾಕಿದರೆ ನೀರು ಕೆಂಪಗೆ ಕದಡಿತು, ಲಾಂಚು ಜಪ್ಪಯ್ಯ ಎಂದರೂ ಕದಲಲಿಲ್ಲ. ಕ್ಷೌರದವನು ಸುಮ್ಮನಿರಲಾರದೆ, ಯಾರದೋ ಮನೆ ಬಂತು, ಇಳಿಯೋರು ಇಳೀರಿ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೀನಿನ ದೋಣಿಗಳನ್ನು ಕರೆಸಿ ಜನರನ್ನು ಇಳಿಸಿದ್ದಾಯಿತು, ಹೊಲಿಗೆ ಯಂತ್ರವನ್ನೂ ಇಳಿಸಿದ್ದಾಯಿತು. ಅಪ್ಪ ಮಾತ್ರ ನಗದೆ, ಟವರ್ ಕಡೆಗೇ ನೋಡುತ್ತಾ ಕೊನೆಯಲ್ಲಿ ಇಳಿದರು. ಗೆರೆ ಸರಿಯಾಗಿಯೇ ಇತ್ತು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಮಾರನೆಯ ಬೆಳಿಗ್ಗೆ ನೀರು ಇನ್ನೂ ಇಳಿದಿತ್ತು. ನಾನು ಕಿಟಕಿ ತೆಗೆದವಳು ಹಾಗೇ ನಿಂತೆ. ನೀರಿನ ನಡುವೆ ಒಂದು ತಾರಸಿ ಎದ್ದಿತ್ತು, ತಾರಸಿಯ ಮೇಲೆ ನಮ್ಮ ಲಾಂಚು, ಬಣ್ಣ ಬಳಿದ ಹೊಟ್ಟೆ ತೋರಿಸಿಕೊಂಡು, ಒಂದು ಪಕ್ಕಕ್ಕೆ ವಾಲಿಕೊಂಡು. ಸೋಮವಾರಕ್ಕೆ ತಾರಸಿಯ ಕೆಳಗೆ ಗೋಡೆ ಕಂಡಿತು, ಗೋಡೆಯಲ್ಲಿ ಕಿಟಕಿಯ ತೂತುಗಳು ಕಂಡವು. ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ಹಿಡಿದು ಬಂದರು. ಮನೆಯ ತಲೆಯ ಮೇಲೆ ಕೂತ ದೋಣಿ, ಯಾರಿಗೆ ಬೇಡ? ಅಪ್ಪ ಆ ಗುಂಪಿನಲ್ಲೇ ನಿಂತಿದ್ದರು. ಇವರೇ ಆ ಲಾಂಚು ನಡೆಸುವವರು ಎಂದು ಯಾರೋ ಅವರದ್ದೂ ಒಂದು ಚಿತ್ರ ತೆಗೆದುಕೊಂಡರು. ಅವರಿಗೆ ಅದರ ಅರಿವೇ ಇರಲಿಲ್ಲ. ನನ್ನ ತೋಳು ಹಿಡಿದುಕೊಂಡು, "ಆ ಕಟಕಟೆ ನೋಡು. ಒಂದು ಸರಳು ನೆಟ್ಟಗಿದೆ" ಎಂದರು.

ಪುಟ್ಟ ದೋಣಿಯಲ್ಲಿ ಅವರನ್ನು ಕೂರಿಸಿಕೊಂಡು ನಾನೇ ಹುಟ್ಟು ಹಾಕಿದೆ. ತಾರಸಿಯ ಪಕ್ಕಕ್ಕೆ ಹೋಗಿ ಅವರು ಆ ಸರಳನ್ನು ಕೈಯಲ್ಲಿ ಹಿಡಿದುಕೊಂಡರು. ತುಕ್ಕು ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಮೇಲೆ ಹತ್ತಿ ಎಂದೆ, ಹತ್ತಲಿಲ್ಲ. ಅಷ್ಟು ವರ್ಷ ದಿನಾ ಹತ್ತಿದ್ದೇನಲ್ಲ ಎಂದರು. ನನಗೆ ಅಳು ಬಂತು, ತಡೆದುಕೊಂಡೆ. ಇದು ಹೇಗಾಯಿತು ಎಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅದನ್ನು ಬಿಡಿಸಿದವರು, ನಂಬುತ್ತೀಯೋ ಇಲ್ಲವೋ, ನಿನ್ನ ಭಾವ. ರಾತ್ರಿ ಊಟಕ್ಕೆ ಕೂತಾಗ ನಾನು ಟವರಿನ ಗುರುತಿನ ವಿಷಯ ಕಿರುಚಿ ಕಿರುಚಿ ಹೇಳಿದರೆ, ಅವರು ತಣ್ಣಗೆ ಬಾಯೊರೆಸಿಕೊಂಡು, ಆ ಟವರ್ ಮೊದಲಿನದ್ದಲ್ಲವಲ್ಲ, ಲೈನು ಬದಲಾಯಿಸಿದಾಗ ಹಳೆಯದನ್ನು ಕೆಡವಿ ಗುಡ್ಡದ ಮೇಲೇ ಸ್ವಲ್ಪ ಆಚೆಗೆ ಹೊಸದು ಹಾಕಿದರಲ್ಲ, ಎಂದರು. ಯಾವಾಗ ಎಂದರೆ ಅಪ್ಪ ಕಾಲು ಮುರಿದುಕೊಂಡು ದೂರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ ವರ್ಷ. ಆಗ ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ, ಲಾಂಚು ದಡದಲ್ಲಿ ಮಗುಚಿ ಬಿದ್ದಿತ್ತು. ವಾಪಸ್ಸು ಬಂದವರು ಗುಡ್ಡ ನೋಡಿದರು, ಟವರ್ ಇತ್ತು, ಬಂಡೆ ಇತ್ತು, ಗೆರೆ ಹಿಡಿದರು. ಗೆರೆಯೇ ಪಕ್ಕಕ್ಕೆ ಸರಿದಿದೆ ಎಂದು ಯಾರಿಗೆ ಹೊಳೆಯಬೇಕು? ಬೀದಿ ಎಂದುಕೊಂಡದ್ದು ಮನೆಗಳ ಸಾಲಾಗಿತ್ತು, ಅಜ್ಜಿಯ ಮನೆಯೂ ಸೇರಿ. ಅಂದಿನಿಂದ ಒಂದು ಸಲವೂ ತಪ್ಪದೆ, ಹೋಗುವಾಗಲೂ ಬರುವಾಗಲೂ, ಅವಳ ತಲೆಯ ಮೇಲೇ ಲಾಂಚು ಓಡಿಸಿದ್ದಾರೆ. ಮರ್ಯಾದೆಗೆ ವೇಗ ಬೇರೆ ಕಡಿಮೆ ಮಾಡುತ್ತಿದ್ದರು.

ನಿನ್ನ ವಿಷಯ ಇನ್ನೂ ಇದೆ. ಮಂಗಳವಾರ ನೀರು ಇನ್ನಷ್ಟು ಇಳಿದು ಊರಿಗೆ ಊರೇ ಕೆಸರು ಮೆತ್ತಿಕೊಂಡು ಎದ್ದು ಕೂತಿತು. ಅಪ್ಪ ಗುಡ್ಡದ ಮೇಲಿನ ಕಲ್ಲಿನ ಮೇಲೆ ಕೂತು, ನನ್ನನ್ನು ಕರೆದು, "ಅವನು ಅವತ್ತು ಎಲ್ಲಿಂದ ಎಲ್ಲಿಗೆ ಬಿಟ್ಟ? ಸರಿಯಾಗಿ ತೋರಿಸು" ಎಂದರು. ಅವನು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ನಿನ್ನ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಈ ಕಟ್ಟೆಯಿಂದ ಆ ಕಟ್ಟೆಗೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ನನ್ನ ಬೆರಳು ಹೋದ ದಾರಿಯ ಕೆಳಗೆ ಏನಿತ್ತು ಗೊತ್ತೇ? ಸಂತೆ ಮೈದಾನ. ಇತ್ತಲಿಂದ ಅತ್ತಲವರೆಗೆ ಬರೀ ಮೈದಾನ, ಬೋಳು, ಒಂದು ಗೋಡೆಯಿಲ್ಲ, ಒಂದು ಹೊಸಿಲಿಲ್ಲ. ಗೆರೆ ಸರಿದದ್ದರಿಂದ ಅಪ್ಪನ ಲೆಕ್ಕದಲ್ಲಿ ಅದು ಅಜ್ಜಿಯ ಮನೆ ಆಗಿತ್ತು. ನೀನು ಅವತ್ತು ಯಾರ ಮನೆಯ ಮೇಲೂ ಹೋಗಿರಲಿಲ್ಲ ಕಣೋ. ಸಿನಿಮಾಕ್ಕೆ ಓಡುತ್ತಿದ್ದ ನೀನೊಬ್ಬನೇ ಅವಳ ಮಾತು ಉಳಿಸಿದವನು, ನಿನಗೇ ಗೊತ್ತಿಲ್ಲದೆ.

ಅಪ್ಪ ಕಲ್ಲಿನಿಂದ ಎದ್ದು ಮನೆಗೆ ಬಂದರು. ಅವತ್ತಿನಿಂದ ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಆಗಿದ್ದಾರೆ. ಅಂಗಳಕ್ಕೆ ಹೋಗುತ್ತಾರೆ, ಒಳಗೆ ಬರುತ್ತಾರೆ, ರೇಡಿಯೋ ಹಾಕುತ್ತಾರೆ, ಆರಿಸುತ್ತಾರೆ. ಏನಾದರೂ ಹೇಳಲು ಬಾಯಿ ತೆರೆದು, ಚಹಾ ಇದೆಯಾ ಎಂದು ಕೇಳಿ ಮುಗಿಸುತ್ತಾರೆ. ನಿನಗೆ ಪತ್ರ ಬರೆಯಲೇ ಎಂದು ಒಮ್ಮೆ ಕೇಳಿದೆ. ಬೇಡ ಎಂದು ಎಷ್ಟು ಜೋರಾಗಿ ಹೇಳಿದರೆಂದರೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಅದಕ್ಕೇ ಮನೆಯಲ್ಲಿ ಬರೆಯದೆ ಈ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿದೆ, ಕರುಳೂ ಚುರ್ ಎನ್ನುತ್ತಿದೆ. ಒಂದು ಟವರ್ ನಂಬಿ ಮಗನನ್ನು ಕಳೆದುಕೊಂಡರಲ್ಲ ಎಂದು ಯೋಚಿಸಿದರೆ ಕೂತಲ್ಲಿ ಕೂರಲಾಗುವುದಿಲ್ಲ.

ಸುರಂಗದ ಬಾಗಿಲು ರಿಪೇರಿ ಮುಗಿಯುತ್ತಾ ಬಂತಂತೆ, ಭಾನುವಾರ ತೂಬು ಮುಚ್ಚುತ್ತಾರೆ ಎಂದು ಭಾವ ಹೇಳಿದರು. ಅಲ್ಲಿಂದ ನೀರು ಏರಲು ಶುರು. ಲಾಂಚು ತಾನಾಗಿ ತೇಲಿ ಇಳಿಯುತ್ತದೆ, ಊರು ಮತ್ತೆ ಒಳಗೆ ಹೋಗುತ್ತದೆ. ನೀನು ಅಷ್ಟರೊಳಗೆ ಬಾ ಎಂದು ಕೈಮುಗಿದು ಕೇಳುತ್ತೇನೆ. ತಪ್ಪಾಯಿತು ಎನ್ನಬೇಡ, ನಿನ್ನದು ತಪ್ಪೇ ಇರಲಿಲ್ಲ. ಅಪ್ಪ ಕರೆದರು ಎಂದೂ ತಿಳಿದುಕೊಳ್ಳಬೇಡ, ಅವರು ಕರೆದಿಲ್ಲ, ಕರೆಯುವವರೂ ಅಲ್ಲ. ಮುಳುಗಿದ ಊರು ನೋಡಲು ಎಲ್ಲರ ಹಾಗೆ ನಾನೂ ಬಂದೆ ಎನ್ನು. ಹೆಂಡತಿ ಮಗಳನ್ನೂ ಕರೆದುಕೊಂಡು ಬಾ. ಪುಟ್ಟಿಯನ್ನು ಮುಂದೆ ಬಿಟ್ಟರೆ ಉಳಿದದ್ದು ತಾನಾಗಿ ಆಗುತ್ತದೆ. ಇದು ಬರುವ ಮನೆಯಲ್ಲ ಎಂದು ನೀನು ಎಷ್ಟೇ ಹಲ್ಲು ಕಚ್ಚಿಕೊಂಡಿದ್ದರೂ, ನನಗೆ ನೀನು ಬೇಕು. ಇಷ್ಟು ವರ್ಷ ಇದನ್ನು ಬರೆಯಲು ಬಿಗುಮಾನ ಅಡ್ಡ ಬರುತ್ತಿತ್ತು, ಅದೂ ನಮ್ಮ ಮನೆಯ ರೋಗವೇ.

ಪುಟ್ಟಿಯ ಎರಡೂ ಕೆನ್ನೆಗೆ ಅತ್ತೆಯ ಮುತ್ತು ಕೊಡು. ನಿನ್ನ ಹೆಂಡತಿಗೆ ಬಿಸಿ ನೀರು ಕುಡಿಯಲು ಹೇಳು, ನಾನು ಹೇಳಿದೆ ಎಂದರೆ ಕೇಳುತ್ತಾಳೆ. ಅಷ್ಟು ಎತ್ತರದಲ್ಲಿ ಕೂತು ಕೆಲಸ ಮಾಡುವ ನಿನ್ನನ್ನು ದೇವರು ತಣ್ಣಗಿಟ್ಟಿರಲಿ.

ಸದಾ ನಿನ್ನ ದಾರಿ ಕಾಯುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹ‌ಚ್ಚಿದ್ದವಳು ಹರಿದು ಮತ್ತೆ ಬರೆಯುತ್ತಿದ್ದೇನೆ. ಅಪ್ಪ ಮನೆಯಲ್ಲಿಲ್ಲ. ಗುಡ್ಡದ ಮೇಲೂ ಇಲ್ಲ. ಭಾವ ಈಗ ಪಾಳಿ ಮುಗಿಸಿ ಬರುವಾಗ ನೋಡಿದರಂತೆ, ನಿಮ್ಮ ಕಡೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಎಲ್ಲಿಗೆ ಎಂದರೆ, "ಅವನ ಹತ್ರ. ಅವಳಿಗೆ ಹೇಳಬೇಡ, ಪತ್ರ ಬರೆದುಬಿಡ್ತಾಳೆ" ಎಂದರಂತೆ. ನಿಮ್ಮ ಕೆಲಸದ ಜಾಗಕ್ಕೆ ಕಬ್ಬಿಣ ಒಯ್ಯುವ ಲಾರಿ ಇಲ್ಲೇ ನಿಂತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಬಸ್ಸು ಊರೂರು ಸುತ್ತಿ ನಾಳೆ ಮಧ್ಯಾಹ್ನ ಸೇರುತ್ತದೆ, ಲಾರಿ ಬೆಳಿಗ್ಗೆಯೇ ಸೇರುತ್ತದೆ. ರಜೆ ಹಾಕಿ ಬಸ್ ನಿಲ್ದಾಣದಲ್ಲಿ ನಿಂತಿರು. ವಿಳಾಸ ಕೇಳುವುದು ಅಂಚೆಯವರಿಗೆ ಅವಮಾನ, ಯಾರನ್ನೂ ಕೇಳದೆ ಬಿಸಿಲಲ್ಲಿ ಅಲೆಯುತ್ತಾರೆ. ಬೆಳಿಗ್ಗೆ ಗಡ್ಡ ಮಾಡಿಕೊಳ್ಳುತ್ತಾ ಕನ್ನಡಿಯ ಜೊತೆ ಏನೋ ಮಾತಾಡುತ್ತಿದ್ದರು, ತಲೆ ಕೆಟ್ಟಿತೇ ಎಂದು ಹೆದರಿದ್ದೆ, ಈಗ ಅರ್ಥವಾಯಿತು. "ನೀನು ಹೋಗಿದ್ದು ಮೈದಾನದ ಮೇಲೆ ಕಣೋ. ಮನೆ ಮೇಲೆ ಹೋದವನು ನಾನು" ಎನ್ನುತ್ತಿದ್ದರು. ಮೊದಲನೆಯದು ಸಲೀಸಾಗಿ ಬರುತ್ತಿತ್ತು, ಎರಡನೆಯದರಲ್ಲಿ ಪ್ರತಿ ಸಲ ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನಿನ್ನ ಮುಂದೆಯೂ ಅಲ್ಲೇ ನಿಲ್ಲುತ್ತಾರೆ. ಆಗ ಗಡಿಬಿಡಿ ಮಾಡಿ, ಹೋಗಲಿ ಬಿಡಿ ಅಪ್ಪಾ ಎಂದುಬಿಡಬೇಡ. ಎಷ್ಟು ಹೊತ್ತಾದರೂ ಸರಿ, ಅವರು ಪೂರ್ತಿ ಹೇಳಲಿ.